ಚಿನ್ನ, ಕಚ್ಚಾ ತೈಲ, ಡಾಲರ್, ನಿಫ್ಟಿ: ಮಾರುಕಟ್ಟೆಗಳ ನಂಟು ಟ್ರೇಡಿಂಗ್‌ಗೆ ಎಷ್ಟು ಉಪಯೋಗ? ನೀವೇ ಪರೀಕ್ಷಿಸುವ ಬಗೆ

ಕೋಲಾರದ ಎಪಿಎಂಸಿ ಯಾರ್ಡಿಗೆ ಟೊಮೆಟೊ ಸೀಸನ್‌ನಲ್ಲಿ ಬೆಳಿಗ್ಗೆ ಹೋಗಿ ನೋಡಿ. ಹರಾಜು ಶುರುವಾಗುವ ಮೊದಲೇ ಮಂಡಿಯವರ ಕಿವಿಯಲ್ಲಿ ಫೋನು ಇರುತ್ತದೆ. ಆಂಧ್ರದ ಮದನಪಲ್ಲಿಗೆ ಎಷ್ಟು ಲೋಡ್ ಬಂತು, ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ ಏನು ರೇಟು ಹೋಯಿತು, ಅಲ್ಲಿ ಮಳೆ ಇದೆಯಾ ಅಂತ ವಿಚಾರಿಸುತ್ತಿರುತ್ತಾರೆ. ಕೋಲಾರದ ಟೊಮೆಟೊ ದರ ಕೋಲಾರದಲ್ಲೇ ತೀರ್ಮಾನವಾಗುವುದಿಲ್ಲ. 2023ರ ಜುಲೈನಲ್ಲಿ ಹಲವು ಕಡೆ ಬೆಳೆ ಕೈಕೊಟ್ಟಾಗ ಇಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು.

ನಮ್ಮ ಚಿಕ್ಕಪ್ಪ ಅಲ್ಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಟ್ರೇಡಿಂಗ್ ಶುರು ಮಾಡಿದ ಹೊಸದರಲ್ಲಿ ಅವರನ್ನು ಕೇಳಿದ್ದೆ, "ಮದನಪಲ್ಲಿ ರೇಟು ಮೊದಲೇ ಗೊತ್ತಾದ್ರೆ ಒಳ್ಳೆ ಲಾಭ ಅಲ್ವಾ ಚಿಕ್ಕಪ್ಪಾ?" ಅವರು ನಕ್ಕರು. "ನಂಗೆ ಗೊತ್ತಿರೋದು ಪಕ್ಕದ ಮಂಡಿಯೋನಿಗೂ ಗೊತ್ತಿರುತ್ತಲ್ಲೋ. ಗೊತ್ತಿದ್ರೆ ಲಾಭ ಅಂತೇನಿಲ್ಲ. ಗೊತ್ತಿಲ್ದೆ ಹೋದ್ರೆ ನಷ್ಟ, ಅಷ್ಟೆ."

ಆ ಮಾತು ಅರ್ಥವಾಗಲು ನನಗೆ ಕೆಲವು ವರ್ಷ ಹಿಡಿಯಿತು, ಒಂದಿಷ್ಟು ದುಡ್ಡೂ ಹೋಯಿತು. ಯೂಟ್ಯೂಬ್ ತೆರೆದರೆ "ಡಾಲರ್ ಏರಿತು, ಚಿನ್ನ ಮಾರಿ", "ಕ್ರೂಡ್ ಇಳಿಯಿತು, ಪೇಂಟ್ ಷೇರು ಕೊಳ್ಳಿ" ಅನ್ನುವ ಸಲಹೆಗಳ ರಾಶಿ. ಅದರಲ್ಲಿ ಕಾಸಿಗೆ ಬರುವುದೆಷ್ಟು, ಸುಮ್ನೆ ಮಾತೆಷ್ಟು ಅಂತ ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಒಂದು ಲ್ಯಾಪ್‌ಟಾಪ್, ಗೂಗಲ್ ಶೀಟ್, ಎರಡು ಭಾನುವಾರ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ನಂಟುಗಳು "ಈಗ ಕೊಳ್ಳು, ಈಗ ಮಾರು" ಅಂತ ಹೇಳಿಕೊಡುವುದು ಅಪರೂಪ. ನಮ್ಮ ಕೈಯಲ್ಲಿ ನಿಜವಾಗಿ ಎಷ್ಟು ಅಪಾಯ ಇದೆ ಅಂತ ತೋರಿಸುವುದರಲ್ಲಿ ಮಾತ್ರ ಬಹಳ ಕೆಲಸಕ್ಕೆ ಬರುತ್ತವೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ತಾರೀಕಿನ ದರದ ಮೇಲೆ ಇವತ್ತೇ ಮಾಡುವ ಒಪ್ಪಂದಗಳು) ಆಡಿದ ಸಣ್ಣ ಟ್ರೇಡರುಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಅವರೆಲ್ಲರಿಗೂ ಡಾಲರ್-ಚಿನ್ನದ ನಂಟು ಗೊತ್ತಿರಲಿಲ್ಲ ಅಂತೀರಾ?

ಹಂತ 1: ನಂಟು ಯಾವ ಬಗೆಯದು ಅಂತ ಗುರುತಿಸಿ

ಪುಸ್ತಕ ತೆಗೆದುಕೊಂಡು ನೀವು ನಂಬಿರುವ ನಂಟನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಇದು ಏರಿದರೆ ಅದು ಇಳಿಯುತ್ತದೆ" ಅಂತ ಬರೆದು ನಿಲ್ಲಿಸಬೇಡಿ. "ಏಕೆಂದರೆ" ಅಂತ ಮುಂದುವರಿಸಿ. ಆ "ಏಕೆಂದರೆ" ನೋಡಿದರೆ ನಂಟಿನ ಬಗೆ ಗೊತ್ತಾಗುತ್ತದೆ. ನಾನು ಮೂರು ಬಗೆ ಮಾಡಿಕೊಂಡಿದ್ದೇನೆ.

ಮೊದಲನೆಯದು ಲೆಕ್ಕದ ನಂಟು. ಇಲ್ಲಿ ಒಂದು ದರ ಇನ್ನೊಂದು ದರದಿಂದಲೇ ಹುಟ್ಟುತ್ತದೆ. ಎಂಸಿಎಕ್ಸ್ ಅನ್ನುವುದು ಚಿನ್ನ, ಬೆಳ್ಳಿ, ತೈಲದಂಥ ಸರಕುಗಳ ಫ್ಯೂಚರ್ಸ್ ನಡೆಯುವ ನಮ್ಮ ವಿನಿಮಯ ಕೇಂದ್ರ. ಅಲ್ಲಿನ ಚಿನ್ನ ಅಂದರೆ ಹೊರದೇಶದ ಡಾಲರ್ ದರ, ರೂಪಾಯಿ ವಿನಿಮಯ ದರ, ಆಮದು ಸುಂಕ, ಇವಿಷ್ಟೇ. ಎಂಸಿಎಕ್ಸ್ ಕಚ್ಚಾ ತೈಲವೂ ಹಾಗೇ, ನ್ಯೂಯಾರ್ಕ್ ದರದ ನೆರಳು. ಆ ನೆರಳು ಎಷ್ಟು ಗಟ್ಟಿ ಅಂತ 2020ರ ಏಪ್ರಿಲ್ 20ರಂದು ಗೊತ್ತಾಯಿತು. ಅಮೆರಿಕದ ತೈಲ ಫ್ಯೂಚರ್ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರಿಗೆ ಹೋಯಿತು. ನಮ್ಮಲ್ಲಿ ಲಾಕ್‌ಡೌನ್ ಕಾರಣಕ್ಕೆ ಎಂಸಿಎಕ್ಸ್ ಸಂಜೆಯೇ ಮುಚ್ಚಿತ್ತು. ಆದರೂ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ ಸೆಟಲ್ ಆಯಿತು. ಕೊಂಡು ಇಟ್ಟುಕೊಂಡಿದ್ದವರು ಮಲಗಿ ಎದ್ದಾಗ ಸಾಲಗಾರರಾಗಿದ್ದರು.

ಎರಡನೆಯದು ಕಾರಣದ ನಂಟು. ಒಂದು ಇನ್ನೊಂದನ್ನು ತಳ್ಳುತ್ತದೆ, ಆದರೆ ನಡುವೆ ಬೇರೆಯವರೂ ಕೈಹಾಕುತ್ತಾರೆ. ಭಾರತಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು. ತೈಲ ದುಬಾರಿಯಾದರೆ ಡಾಲರಿಗೆ ಬೇಡಿಕೆ ಜಾಸ್ತಿ, ರೂಪಾಯಿ ಮೇಲೆ ಒತ್ತಡ, ಬೆಲೆಯೇರಿಕೆಯ ಭಯ, ಬಾಂಡ್ ಬಡ್ಡಿ ಮೇಲಕ್ಕೆ. ಕೇಳಲು ಚೆನ್ನಾಗಿದೆ. ಆದರೆ ನಡುವೆ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ರೂಪಾಯಿಯನ್ನು ಹಿಡಿದು ನಿಲ್ಲಿಸಬಹುದು, ಸರ್ಕಾರ ತೆರಿಗೆ ಇಳಿಸಬಹುದು. ಸರಪಳಿ ಉದ್ದವಾದಷ್ಟೂ ಕೊಂಡಿ ಕಳಚುವ ಜಾಗ ಜಾಸ್ತಿ.

ಮೂರನೆಯದು ಮನಸ್ಸಿನ ನಂಟು. ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ ಬಿದ್ದರೆ ನಮ್ಮ ನಿಫ್ಟಿಯೂ ಮಂಕಾಗುತ್ತದೆ. ನಡುವೆ ಲೆಕ್ಕದ ಕೊಂಡಿ ಏನೂ ಇಲ್ಲ. ವಿದೇಶಿ ಹೂಡಿಕೆದಾರರು ಹೆದರಿದರೆ ಎಲ್ಲ ಕಡೆಯಿಂದಲೂ ದುಡ್ಡು ತೆಗೆಯುತ್ತಾರೆ, ಅಷ್ಟೆ. ಇದು ದಿನಗಟ್ಟಲೆ ಮಲಗಿರುತ್ತದೆ, ಭಯ ಹುಟ್ಟಿದ ದಿನ ಎದ್ದು ಕೂರುತ್ತದೆ.

ಎರಡನ್ನು ಪಟ್ಟಿಯಿಂದ ತೆಗೆದುಬಿಡಿ. ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ಫ್ಯೂಚರ್) ಅನ್ನುವುದು ಬೇರೆ ಮಾರುಕಟ್ಟೆಯೇ ಅಲ್ಲ, ಅದೇ ನಿಫ್ಟಿ, ಬೇರೆ ಗಡಿಯಾರ. ಮಾರುಕಟ್ಟೆಯ ಭಯ ಅಳೆಯುವ ಇಂಡಿಯಾ ವಿಕ್ಸ್ ಕೂಡ ನಿಫ್ಟಿ ಆಪ್ಷನ್ ದರಗಳಿಂದಲೇ ಲೆಕ್ಕ ಹಾಕುವ ಸಂಖ್ಯೆ. "ವಿಕ್ಸ್ ಏರಿದೆ, ಹಾಗಾಗಿ ನಿಫ್ಟಿ ಬೀಳುತ್ತೆ" ಅನ್ನುವುದು, "ಥರ್ಮಾಮೀಟರ್ ಏರಿದೆ, ಹಾಗಾಗಿ ಜ್ವರ ಬರುತ್ತೆ" ಅಂದಂತೆ.

ಹಂತ 2: ಲೆಕ್ಕದ ನಂಟಿನಿಂದ ಶುರು ಮಾಡಿ, ಅಂದರೆ ಚಿನ್ನ

ಕೋಲಾರದವನಾಗಿ ಚಿನ್ನದಿಂದ ಶುರು ಮಾಡದಿದ್ದರೆ ಹೇಗೆ? ಕೆಜಿಎಫ್‌ನ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು. ಆಗ ಹೊರದೇಶದಲ್ಲಿ ಚಿನ್ನ ಔನ್ಸ್‌ಗೆ 300 ಡಾಲರಿಗಿಂತ ಕೆಳಗಿತ್ತು, ಎರಡು ದಶಕದ ತಳಕ್ಕೆ ಹತ್ತಿರ. ಗಣಿಯವರ ಮನೆಯ ಗೆಳೆಯರು ಈಗಲೂ ಚಿನ್ನದ ರೇಟು ಕೇಳಿದಾಗ ಒಂದು ನಿಟ್ಟುಸಿರು ಬಿಡುತ್ತಾರೆ.

ಲೆಕ್ಕ ಹೀಗಿದೆ. ಒಂದು ಟ್ರಾಯ್ ಔನ್ಸ್ ಅಂದರೆ 31.1035 ಗ್ರಾಂ. ಡಾಲರ್ ದರವನ್ನು ಅದರಿಂದ ಭಾಗಿಸಿ, 10ರಿಂದ ಗುಣಿಸಿ, ರೂಪಾಯಿ ದರದಿಂದ ಗುಣಿಸಿ, ಸುಂಕ ಸೇರಿಸಿ. 2,400 ಡಾಲರ್ ಮತ್ತು 83.70 ರೂಪಾಯಿ ಅಂತ ಇಟ್ಟುಕೊಳ್ಳಿ. ಸುಂಕ ಇಲ್ಲದೆ 10 ಗ್ರಾಂಗೆ ಸುಮಾರು 64,584 ರೂಪಾಯಿ ಬರುತ್ತದೆ. ಶೇ 6 ಸುಂಕ ಸೇರಿಸಿದರೆ 68,459. ಶೇ 15 ಸೇರಿಸಿದರೆ 74,272. ಶುದ್ಧತೆ, ಪ್ರೀಮಿಯಂ, ಫ್ಯೂಚರ್‌ನ ತಿಂಗಳು, ಇವುಗಳಿಂದ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ.

ಸುಂಕಕ್ಕೆ ಎರಡು ಸಂಖ್ಯೆ ಕೊಟ್ಟಿದ್ದಕ್ಕೆ ಕಾರಣ ಇದೆ. 2024ರ ಜುಲೈ 23ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಚಿನ್ನದ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿತು. ಹೊರದೇಶದಲ್ಲಿ ಚಿನ್ನ ಹೆಚ್ಚೇನೂ ಅಲುಗಾಡಲಿಲ್ಲ. ನಮ್ಮಲ್ಲಿ ಮಾತ್ರ ಅದೇ ದಿನ 10 ಗ್ರಾಂಗೆ ಸಾವಿರಗಟ್ಟಲೆ ಕುಸಿಯಿತು. ಡಾಲರ್ ಚಾರ್ಟ್ ನೋಡಿಕೊಂಡು ಎಂಸಿಎಕ್ಸ್‌ನಲ್ಲಿ ಕೊಂಡವರು, ಲೆಕ್ಕದ ಮೂರನೇ ಅಂಕಿಯನ್ನು ಮರೆತಿದ್ದವರು, ತಲೆಮೇಲೆ ಕೈ ಹೊತ್ತು ಕೂತರು.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಚೀನಾ ರೇಷ್ಮೆ ಅಗ್ಗವಾಯಿತು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ದರ ಮಲಗಿತು. ಹಿಪ್ಪುನೇರಳೆ ಕಿತ್ತವರನ್ನು ನಾನೇ ನೋಡಿದ್ದೇನೆ. ಚೀನಾದ ದರಕ್ಕೂ ಶಿಡ್ಲಘಟ್ಟದ ದರಕ್ಕೂ ನಡುವೆ ಸುಂಕ ಅನ್ನುವ ಒಂದು ಕಟ್ಟೆ ಇತ್ತು. ಅದು ಇರುವವರೆಗೆ ನಂಟು ಕಾಣುತ್ತಿರಲಿಲ್ಲ. ಒಡೆದ ದಿನ ಕಂಡಿತು.

ಈಗ ಈ ಲೆಕ್ಕದಿಂದ ಕೆಲಸ ತೆಗೆಯೋಣ. ಮೇಲಿನ ದರದಲ್ಲಿ, ಶೇ 6 ಸುಂಕದ ಜೊತೆ, ಚಿನ್ನ 10 ಡಾಲರ್ ಏರಿದರೆ ಇಲ್ಲಿ 10 ಗ್ರಾಂಗೆ ಸುಮಾರು 285 ರೂಪಾಯಿ ಏರುತ್ತದೆ. ರೂಪಾಯಿ ಡಾಲರ್ ಎದುರು ಒಂದು ರೂಪಾಯಿ ಕುಸಿದರೆ ಸುಮಾರು 818 ರೂಪಾಯಿ ಏರುತ್ತದೆ. ಶೀಟ್‌ನಲ್ಲಿ ಮೂರು ಕಾಲಂ ಮಾಡಿ ಇದನ್ನು ಇವತ್ತಿನ ದರಕ್ಕೆ ಹಾಕಿಕೊಳ್ಳಿ. ಎಂಸಿಎಕ್ಸ್ ದರ ನಿಮ್ಮ ಲೆಕ್ಕಕ್ಕಿಂತ ಬಹಳ ದೂರ ಇದ್ದರೆ ಎರಡೇ ಅರ್ಥ. ಒಂದೋ ನಿಮ್ಮ ಸುಂಕದ ಅಂಕಿ ಹಳೆಯದು, ಇಲ್ಲವೇ ಮಾರುಕಟ್ಟೆ ಸುಂಕ ಬದಲಾಗಬಹುದು ಅಂತ ಲೆಕ್ಕ ಹಾಕುತ್ತಿದೆ. ಸುಲಭದ ದುಡ್ಡು ಬಿದ್ದಿದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಹಂತ 3: ದರ ಹಾಕಬೇಡಿ, ದಿನದ ಏರಿಳಿತ ಹಾಕಿ

ಉಳಿದ ಎರಡು ಬಗೆಯ ನಂಟಿಗೆ ಹಳೆಯ ದರಗಳು ಬೇಕು. ನಿಫ್ಟಿ ಮತ್ತು ಅದರ ಉಪಸೂಚ್ಯಂಕಗಳ ದರ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಜಾಲತಾಣದಲ್ಲಿ ಉಚಿತ. ಚಿನ್ನ, ಬೆಳ್ಳಿ, ತೈಲದ ಭಾವ್‌ಕಾಪಿ (ದಿನದ ದರಪಟ್ಟಿ) ಎಂಸಿಎಕ್ಸ್ ಜಾಲತಾಣದಲ್ಲಿ ಸಿಗುತ್ತದೆ. ರೂಪಾಯಿ ದರವನ್ನು ಗೂಗಲ್ ಶೀಟ್‌ನ ಗೂಗಲ್ ಫೈನಾನ್ಸ್ ಸೂತ್ರವೇ ತಂದುಕೊಡುತ್ತದೆ. ಕನಿಷ್ಠ ಐದು ವರ್ಷದ್ದು ತೆಗೆದುಕೊಳ್ಳಿ.

ಎಲ್ಲರೂ ಎಡವುವುದು ಇಲ್ಲಿ. ನಿಫ್ಟಿ ದರ ಒಂದು ಕಾಲಂ, ಚಿನ್ನದ ದರ ಇನ್ನೊಂದು ಕಾಲಂ ಹಾಕಿ ನಂಟು ಲೆಕ್ಕ ಹಾಕಿದರೆ ಬಹಳ ಗಟ್ಟಿ ನಂಟು ಅಂತ ಬರುತ್ತದೆ. ಯಾಕೆ? ಎರಡೂ ಇಪ್ಪತ್ತು ವರ್ಷದಿಂದ ಏರುತ್ತಾ ಬಂದಿವೆ. ಮಾಲೂರು ರಸ್ತೆಯ ಸೈಟಿನ ಬೆಲೆ ಹಾಕಿದರೂ ಅದೇ ಬರುತ್ತದೆ, ನಮ್ಮ ಹುಡುಗನ ಎತ್ತರ ಹಾಕಿದರೂ ಅದೇ ಬರುತ್ತದೆ. ಅದಕ್ಕೇ ದರದ ಬದಲು ನಿನ್ನೆಗಿಂತ ಇವತ್ತು ಶೇಕಡಾ ಎಷ್ಟು ಬದಲಾಯಿತು ಅನ್ನುವುದನ್ನು ಹಾಕಬೇಕು. ಇವತ್ತಿನ ದರವನ್ನು ನಿನ್ನೆಯ ದರದಿಂದ ಭಾಗಿಸಿ ಒಂದು ಕಳೆಯಿರಿ, ಆಯಿತು. ಹಾಗೆ ಹಾಕಿದಾಗ ನಿಫ್ಟಿ-ಚಿನ್ನದ ನಂಟು ಬಹುಪಾಲು ಸೊನ್ನೆಯ ಆಸುಪಾಸಿಗೆ ಬಂದು ಕೂರುತ್ತದೆ. "ಚಿನ್ನ ಏರಿದರೆ ಷೇರು ಇಳಿಯುತ್ತೆ" ಅನ್ನುವ ಗಾದೆಯಂಥ ಮಾತು ಅಲ್ಲಿಗೆ ಮುಗಿಯಿತು.

ಹಂತ 4: ಗಡಿಯಾರ ಸರಿಮಾಡಿ

ಎನ್‌ಎಸ್‌ಇ ಬೆಳಿಗ್ಗೆ 9:15ಕ್ಕೆ ತೆರೆದು ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ಎಂಸಿಎಕ್ಸ್‌ನಲ್ಲಿ ಚಿನ್ನ, ತೈಲ ರಾತ್ರಿ 11:30ರವರೆಗೆ ನಡೆಯುತ್ತವೆ, ಅಮೆರಿಕದಲ್ಲಿ ಚಳಿಗಾಲದ ಗಡಿಯಾರ ಇರುವಾಗ 11:55ರವರೆಗೆ. ನ್ಯೂಯಾರ್ಕ್ ಷೇರು ಮಾರುಕಟ್ಟೆ ಮುಚ್ಚುವ ಹೊತ್ತಿಗೆ ನಮಗೆ ನಡುರಾತ್ರಿ ಕಳೆದಿರುತ್ತದೆ.

ಹಾಗಾಗಿ ಒಂದೇ ತಾರೀಕಿನ ನಾಸ್ಡಾಕ್ ಮತ್ತು ನಿಫ್ಟಿಯನ್ನು ಅಕ್ಕಪಕ್ಕ ಇಟ್ಟರೆ, ನಿಫ್ಟಿ ಮುಚ್ಚಿದ ಮೇಲೆ ನಡೆದದ್ದನ್ನು ನಿಫ್ಟಿಗೆ ಹೋಲಿಸಿದಂತೆ ಆಗುತ್ತದೆ. ಸೋಮವಾರ ರಾತ್ರಿಯ ನಾಸ್ಡಾಕ್ ಅನ್ನು ಮಂಗಳವಾರದ ನಿಫ್ಟಿಯ ಪಕ್ಕ ಇಡಿ. ಒಂದು ಸಾಲು ಕೆಳಗೆ ಸರಿಸಿದರೆ ಸಾಕು. ರಜೆಗಳನ್ನೂ ನೋಡಿಕೊಳ್ಳಿ. ನಮಗೆ ಗಣರಾಜ್ಯೋತ್ಸವ, ಅವರಿಗೆ ಥ್ಯಾಂಕ್ಸ್‌ಗಿವಿಂಗ್. ತಾರೀಕು ಹೊಂದದ ಸಾಲುಗಳನ್ನು ಅಳಿಸಿಬಿಡಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಳ್ಳು.

ಹಂತ 5: ನಂಟಿನ ಸಂಖ್ಯೆ ತೆಗೆಯಿರಿ, ಆದರೆ ಒಂದೇ ಸಂಖ್ಯೆ ಸಾಲದು

ಶೀಟ್‌ನಲ್ಲಿ ಕೊರೆಲ್ ಅನ್ನುವ ಸೂತ್ರ ಇದೆ. ಎರಡು ಕಾಲಂ ಕೊಟ್ಟರೆ ಮೈನಸ್ 1ರಿಂದ ಪ್ಲಸ್ 1ರ ನಡುವೆ ಒಂದು ಸಂಖ್ಯೆ ಕೊಡುತ್ತದೆ. 1 ಅಂದರೆ ಜೋಡೆತ್ತಿನಂತೆ ಒಟ್ಟಿಗೆ ನಡೆಯುತ್ತವೆ, ಮೈನಸ್ 1 ಅಂದರೆ ಏತದ ಎರಡು ತುದಿಯಂತೆ, ಸೊನ್ನೆ ಅಂದರೆ ಒಂದಕ್ಕೊಂದು ಸಂಬಂಧ ಇಲ್ಲ.

ಈ ಸಂಖ್ಯೆಯನ್ನು ಜನ ಉಬ್ಬಿಸಿ ಓದುತ್ತಾರೆ. 0.5 ಬಂದರೆ "ಅರ್ಧ ಸರಿ" ಅಂದುಕೊಳ್ಳುತ್ತಾರೆ. ಅದನ್ನು ಅದರಿಂದಲೇ ಗುಣಿಸಿ, 0.25 ಬರುತ್ತದೆ. ಒಂದರ ಏರಿಳಿತದಲ್ಲಿ ಕಾಲು ಭಾಗ ಮಾತ್ರ ಇನ್ನೊಂದರ ಜೊತೆ ಹೋಗುತ್ತದೆ ಅಂತ ಅರ್ಥ. ಮುಕ್ಕಾಲು ಭಾಗ ಬೇರೆಯದೇ ಕಥೆ.

ಐದು ವರ್ಷಕ್ಕೆ ಸೇರಿ ಒಂದು ಸಂಖ್ಯೆ ತೆಗೆಯುವ ಬದಲು, ಪ್ರತಿ ದಿನಕ್ಕೂ ಹಿಂದಿನ 60 ದಿನದ ಸಂಖ್ಯೆ ತೆಗೆಯಿರಿ. ಸೂತ್ರವನ್ನು ಕೆಳಗೆ ಎಳೆದರೆ ತಾನೇ ಆಗುತ್ತದೆ. ಅದನ್ನು ಗೆರೆಚಿತ್ರ ಮಾಡಿ ನೋಡಿ. ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಕೆಲವು ತಿಂಗಳು 0.6, ಆಮೇಲೆ 0.1, ಆಮೇಲೆ ಸೊನ್ನೆಯ ಕೆಳಗೆ ಅಂತ ಅಲೆಯುವ ಜೋಡಿಗಳೇ ಜಾಸ್ತಿ. ಇನ್ನೊಂದು ಅಳತೆ ನೆನಪಿರಲಿ. 60 ದಿನದ ಲೆಕ್ಕದಲ್ಲಿ ಏನೂ ನಂಟಿಲ್ಲದ ಎರಡು ಸಾಲುಗಳೂ ಆಕಸ್ಮಿಕವಾಗಿ ಪ್ಲಸ್ ಅಥವಾ ಮೈನಸ್ 0.25ರವರೆಗೆ ತೋರಿಸಬಹುದು. ಅದರ ಒಳಗಿನ ಸಂಖ್ಯೆಯನ್ನು ಅರ್ಥವಿಲ್ಲದ ಸದ್ದು ಅಂತಲೇ ತಿಳಿಯಿರಿ.

ಇನ್ನೂ ಒಂದು. ಇಪ್ಪತ್ತು ಜೋಡಿ ಪರೀಕ್ಷಿಸಿದರೆ ಒಂದಾದರೂ ಸುಮ್ನೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಮೊದಲ ಹಂತದಲ್ಲಿ "ಏಕೆಂದರೆ" ಬರೆಸಿದ್ದು. ಸಂಖ್ಯೆ ನೋಡಿದ ಮೇಲೆ ಕಾರಣ ಹುಡುಕಬೇಡಿ, ಕಾರಣ ಯಾವುದಕ್ಕೆ ಬೇಕಾದರೂ ಸಿಗುತ್ತದೆ.

ಹಂತ 6: ಮುರಿದ ದಿನಗಳನ್ನು ಹುಡುಕಿ

ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ನಂಟು ಕೆಲಸ ಮಾಡಿದ ದಿನಗಳನ್ನು ಬಿಟ್ಟು, ಕೈಕೊಟ್ಟ ದಿನಗಳ ಪಟ್ಟಿ ಮಾಡಿ. ಪಕ್ಕದಲ್ಲಿ ಕಾರಣ ಬರೆಯಿರಿ. ನನ್ನ ಪಟ್ಟಿಯಿಂದ ಕೆಲವು ಕೊಡುತ್ತೇನೆ.

"ರೂಪಾಯಿ ಕುಸಿದರೆ ಐಟಿ ಷೇರು ಏರುತ್ತದೆ." ಕಾರಣ ಸರಿಯಾಗಿಯೇ ಇದೆ, ಐಟಿ ಕಂಪನಿಗಳ ಸಂಪಾದನೆ ಡಾಲರಿನಲ್ಲಿ. 2022ರಲ್ಲಿ ರೂಪಾಯಿ 74ರ ಆಸುಪಾಸಿನಿಂದ 82 ದಾಟಿ ಕುಸಿಯಿತು. ಐಟಿ ಸೂಚ್ಯಂಕ ಏರಬೇಕಿತ್ತು, ಅಲ್ವಾ? ಆ ವರ್ಷ ನಿಫ್ಟಿ ಐಟಿ ಸುಮಾರು ಕಾಲು ಭಾಗ ಕಳೆದುಕೊಂಡಿತು. ಅಮೆರಿಕದಲ್ಲಿ ಬಡ್ಡಿ ಏರುತ್ತಿತ್ತು. ಅದೇ ಕಾರಣಕ್ಕೆ ಡಾಲರ್ ಬಲವಾಯಿತು, ಅದೇ ಕಾರಣಕ್ಕೆ ಅಲ್ಲಿನ ಗ್ರಾಹಕರು ಖರ್ಚು ಬಿಗಿ ಹಿಡಿಯುತ್ತಾರೆ ಅನ್ನುವ ಭಯವೂ ಬಂತು. ಸಣ್ಣ ನಂಟನ್ನು ದೊಡ್ಡ ನಂಟು ನುಂಗಿತು.

"ತೈಲ ಅಗ್ಗವಾದರೆ ಪೇಂಟ್ ಕಂಪನಿಗೆ ಲಾಭ." ಪೇಂಟಿನ ಹಲವು ಕಚ್ಚಾ ಸಾಮಗ್ರಿ ತೈಲದಿಂದಲೇ ಬರುತ್ತವೆ ಅನ್ನುವುದು ಕಾರಣ. 2024ರಲ್ಲಿ ತೈಲ ದುಬಾರಿಯೇನೂ ಆಗಲಿಲ್ಲ, ವರ್ಷದ ಕೊನೆಗೆ ಶುರುವಿಗಿಂತ ಸ್ವಲ್ಪ ಕೆಳಗೇ ಇತ್ತು. ಆದರೂ ಏಷ್ಯನ್ ಪೇಂಟ್ಸ್ ಷೇರು ಆ ವರ್ಷ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬೇಡಿಕೆ ಸಪ್ಪೆ, ಜೊತೆಗೆ ಬಿರ್ಲಾ ಓಪಸ್ ಅನ್ನುವ ಹೊಸ ಪೇಂಟ್ ಬ್ರ್ಯಾಂಡ್ ಪೈಪೋಟಿಗೆ ಬಂತು. ಪೇಂಟ್ ಅಂಗಡಿಯವನಿಗೆ ಗೊತ್ತಿದ್ದದ್ದು ತೈಲದ ಚಾರ್ಟಿಗೆ ಗೊತ್ತಿರಲಿಲ್ಲ.

"ಅಮೆರಿಕದ ಬಾಂಡ್ ಬಡ್ಡಿ ಏರಿದರೆ ಚಿನ್ನ ಇಳಿಯುತ್ತದೆ." ಬೆಲೆಯೇರಿಕೆ ಕಳೆದು ಉಳಿಯುವ ಬಡ್ಡಿಯ ಜೊತೆ ಚಿನ್ನದ ಈ ಉಲ್ಟಾ ನಂಟು ಹಲವು ವರ್ಷ ಬಹಳ ಗಟ್ಟಿಯಾಗಿತ್ತು. 2022ರ ನಂತರ ಸಡಿಲವಾಯಿತು. ಬಡ್ಡಿ ಮೇಲೇ ಇತ್ತು, ಚಿನ್ನ ದಾಖಲೆ ಮೇಲೆ ದಾಖಲೆ ಬರೆಯಿತು. ರಷ್ಯಾದ ವಿದೇಶಿ ವಿನಿಮಯ ಮೀಸಲನ್ನು ಪಾಶ್ಚಿಮಾತ್ಯ ದೇಶಗಳು ತಡೆಹಿಡಿದ ಮೇಲೆ ಹಲವು ದೇಶಗಳ ಕೇಂದ್ರ ಬ್ಯಾಂಕುಗಳು ಚಿನ್ನ ಕೊಳ್ಳುವುದನ್ನು ಜೋರು ಮಾಡಿದವು. 2022, 2023, 2024, ಮೂರೂ ವರ್ಷ 1,000 ಟನ್‌ಗೂ ಹೆಚ್ಚು. ಹೊಸ ಗಿರಾಕಿ ಬಂದಾಗ ಹಳೆ ನಂಟು ಹಾಗೇ ಉಳಿಯುವುದಿಲ್ಲ.

"ಷೇರು ಬಿದ್ದರೆ ಚಿನ್ನ ಕಾಪಾಡುತ್ತದೆ." ವರ್ಷಗಳ ಲೆಕ್ಕದಲ್ಲಿ ಇದರಲ್ಲಿ ಹುರುಳಿದೆ. ಆದರೆ 2020ರ ಮಾರ್ಚ್ ನೋಡಿ. 13ನೇ ತಾರೀಕು ಮತ್ತು 23ನೇ ತಾರೀಕು ನಮ್ಮ ಷೇರು ಮಾರುಕಟ್ಟೆ ಲೋಯರ್ ಸರ್ಕ್ಯೂಟ್‌ಗೆ (ದಿನದ ಕುಸಿತದ ಮಿತಿಗೆ) ಬಿದ್ದು ವಹಿವಾಟು ನಿಂತಿತು. ಆ ತಿಂಗಳ ನಡುವೆ ಹೊರದೇಶದಲ್ಲಿ ಚಿನ್ನವೂ ನೂರಾರು ಡಾಲರ್ ಇಳಿಯಿತು. ಎಲ್ಲರಿಗೂ ನಗದು ಬೇಕಿತ್ತು, ಮಾರಲು ಆಗುವುದನ್ನೆಲ್ಲ ಮಾರಿದರು. ಮದುವೆಗೆ ದುಡ್ಡು ಬೇಕಾದಾಗ ಮನೆಯವರು ಒಡವೆಯನ್ನೂ ಇಡುತ್ತಾರೆ, ಹಸುವನ್ನೂ ಮಾರುತ್ತಾರೆ. ಒಡವೆಗೂ ಹಸುವಿಗೂ ಏನು ನಂಟು?

ಹಂತ 7: ತೆರೆಯುವ ಮೊದಲು, ತೆರೆದ ಮೇಲೆ ಅಂತ ಎರಡು ಭಾಗ ಮಾಡಿ

ಆರು ಹಂತ ದಾಟಿ ಉಳಿದ ನಂಟು ನಿಜವೇ ಇರಬಹುದು. ಆದರೂ ದುಡ್ಡು ಕೊಡದೆ ಇರಬಹುದು. ಚಿಕ್ಕಪ್ಪನ ಮಾತಿನ ಪರೀಕ್ಷೆ ಇಲ್ಲಿದೆ.

ರಾತ್ರಿ ಅಮೆರಿಕದ ಮಾರುಕಟ್ಟೆ ಎಷ್ಟು ಬದಲಾಯಿತು ಅನ್ನುವ ಕಾಲಂ ಇಟ್ಟುಕೊಳ್ಳಿ. ಪಕ್ಕದಲ್ಲಿ ನಿಫ್ಟಿಯ ದಿನವನ್ನು ಎರಡು ತುಂಡು ಮಾಡಿ. ಮೊದಲ ತುಂಡು, ನಿನ್ನೆ ಮುಚ್ಚಿದ ದರದಿಂದ ಇವತ್ತು ತೆರೆದ ದರದವರೆಗೆ. ಎರಡನೇ ತುಂಡು, ಇವತ್ತು ತೆರೆದದ್ದರಿಂದ ಮುಚ್ಚಿದ್ದರವರೆಗೆ. ಈಗ ಅಮೆರಿಕದ ಕಾಲಂ ಜೊತೆ ಎರಡರದೂ ಕೊರೆಲ್ ತೆಗೆಯಿರಿ.

ಮೊದಲ ತುಂಡಿನ ಜೊತೆ ನಂಟು ಗಟ್ಟಿಯಾಗಿ ಕಾಣುತ್ತದೆ. ಎರಡನೆಯದರ ಜೊತೆ ಸಾಮಾನ್ಯವಾಗಿ ಸೊನ್ನೆಯ ಹತ್ತಿರ. ಗಿಫ್ಟ್ ನಿಫ್ಟಿ ಬೆಳಿಗ್ಗೆ 6:30ಕ್ಕೇ ತೆರೆದಿರುತ್ತದೆ, ರಾತ್ರಿ 2:45ರವರೆಗೂ ನಡೆದಿರುತ್ತದೆ. ನೀವು 9:15ಕ್ಕೆ ಬಟನ್ ಒತ್ತುವ ಹೊತ್ತಿಗೆ ಅಮೆರಿಕದ ಸುದ್ದಿ ದರದೊಳಗೆ ಸೇರಿ ಆಗಿರುತ್ತದೆ. ನಿಮ್ಮ ಕೈಗೆ ಸಿಗುವುದು ಎರಡನೇ ತುಂಡು ಮಾತ್ರ. ಅದಕ್ಕೇ "ಅಮೆರಿಕ ಏರಿದೆ, ಕಾಲ್ (ದರ ಏರಿದರೆ ಲಾಭ ಕೊಡುವ ಆಪ್ಷನ್) ಕೊಳ್ಳೋಣ" ಅನ್ನುವವರು ಸರಿ ಹೇಳಿಯೂ ನಷ್ಟ ಮಾಡಿಕೊಳ್ಳುವುದು.

ಬೇರೆ ಜೋಡಿಗಳಿಗೂ ಇದೇ ಪರೀಕ್ಷೆ ಮಾಡಿ. ಎರಡನೇ ತುಂಡಿನಲ್ಲೂ ನಂಟು ಉಳಿದರೆ ಬ್ರೋಕರೇಜ್, ತೆರಿಗೆ, ಕೊಳ್ಳುವ-ಮಾರುವ ದರದ ಅಂತರ ಎಲ್ಲ ಕಳೆಯಿರಿ. ನನ್ನ ಪಟ್ಟಿಯಲ್ಲಿ ಇಷ್ಟಾದ ಮೇಲೆ ಉಳಿದದ್ದು ಬಹಳ ಕಡಿಮೆ. ರೂಪಾಯಿಯನ್ನೇ ಟ್ರೇಡ್ ಮಾಡುತ್ತೇನೆ ಅಂದರೆ, ನಿಜವಾದ ವಿದೇಶಿ ವ್ಯವಹಾರ ಇಲ್ಲದವರು ಎಕ್ಸ್‌ಚೇಂಜ್‌ನಲ್ಲಿ ಕರೆನ್ಸಿ ಫ್ಯೂಚರ್ಸ್ ಆಡುವಂತಿಲ್ಲ ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2024ರ ಮೇ ತಿಂಗಳಿಂದ ಜಾರಿಯಲ್ಲಿದೆ. ನಮ್ಮಂಥವರಿಗೆ ರೂಪಾಯಿ ನೋಡಲಿಕ್ಕೆ ಮಾತ್ರ.

ಹಂತ 8: ಒಂದೇ ಅಪಾಯವನ್ನು ಮೂರು ಸಲ ಕೊಂಡಿದ್ದೀರಾ ಅಂತ ನೋಡಿ

2024ರ ಆಗಸ್ಟ್ ಮೊದಲ ವಾರ. ನನ್ನ ಬಳಿ ಮೂರು ಪೊಸಿಷನ್, ಅಂದರೆ ಇನ್ನೂ ಮುಗಿಸದ ವ್ಯವಹಾರ, ಇದ್ದವು. ನಿಫ್ಟಿ ಫ್ಯೂಚರ್, ಬೆಳ್ಳಿ ಮಿನಿ (ಬೆಳ್ಳಿಯ ಸಣ್ಣ ಫ್ಯೂಚರ್), ಒಂದು ಮೆಟಲ್ ಕಂಪನಿಯ ಫ್ಯೂಚರ್. ಮೂರನ್ನೂ ಕೊಂಡಿದ್ದೆ. "ಬೇರೆ ಬೇರೆ ಕಡೆ ಹಂಚಿದ್ದೇನೆ" ಅಂತ ಹೆಮ್ಮೆ ಬೇರೆ. ಒಂದೊಂದರಲ್ಲೂ ದಿನಕ್ಕೆ 5,000 ಹೋಗಬಹುದು ಅಂತ ಲೆಕ್ಕ.

ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿತ್ತು. ನಾನು ಓದಿಯೂ ಇರಲಿಲ್ಲ. ಕೋಲಾರಕ್ಕೂ ಜಪಾನಿಗೂ ಏನು? ಅಗ್ಗದ ಯೆನ್ ಸಾಲ ತೆಗೆದು ಪ್ರಪಂಚದ ಎಲ್ಲ ಕಡೆ ಹಾಕಿದ್ದವರು ಗಾಬರಿಯಿಂದ ವಾಪಸ್ ಎಳೆದರು. ಅಮೆರಿಕದ ಕೆಲಸಗಳ ವರದಿಯೂ ಆ ವಾರ ಕೆಟ್ಟದಾಗಿ ಬಂತು. ಆಗಸ್ಟ್ 5ರ ಸೋಮವಾರ ಜಪಾನಿನ ಷೇರು ಸೂಚ್ಯಂಕ ನಿಕ್ಕೇ ಶೇ 12ಕ್ಕೂ ಹೆಚ್ಚು ಬಿತ್ತು, ಸೆನ್ಸೆಕ್ಸ್ 2,200 ಅಂಕ ಕಳೆದುಕೊಂಡಿತು. ನನ್ನ ಮೂರೂ ಪೊಸಿಷನ್ ಸ್ಟಾಪ್‌ಲಾಸ್ (ನಷ್ಟ ನಿಲ್ಲಿಸಲು ಮೊದಲೇ ಹಾಕಿಟ್ಟ ದರ) ದಾಟಿಯೇ ತೆರೆದವು. ಸಂಜೆಯ ಹೊತ್ತಿಗೆ 50 ಸಾವಿರಕ್ಕೂ ಜಾಸ್ತಿ ಹೋಗಿತ್ತು. ಮನೆಯಲ್ಲಿ ಹೇಳಿದ್ದು ವಾರ ಬಿಟ್ಟು.

ಆ ರಾತ್ರಿ ಹಾಕಿದ ಲೆಕ್ಕ ಇದು. ಎರಡು ಪೊಸಿಷನ್, ಒಂದೊಂದರ ಅಪಾಯ 5,000. ನಂಟು ಸೊನ್ನೆ ಇದ್ದರೆ ಒಟ್ಟು ಅಪಾಯ 10,000 ಅಲ್ಲ, ಸುಮಾರು 7,070. ಒಂದು ಬಿದ್ದ ದಿನ ಇನ್ನೊಂದು ಬೀಳಲೇಬೇಕಿಲ್ಲವಲ್ಲ. ನಂಟು 0.8 ಇದ್ದರೆ ಸುಮಾರು 9,490. ಮೂರು ಪೊಸಿಷನ್ ಇದ್ದು ನಂಟು ಸೊನ್ನೆ ಆದರೆ 8,660, ಎಲ್ಲದರ ನಡುವೆ 0.7 ಆದರೆ 13,420. ಹಂಚಿದ್ದೇನೆ ಅಂದುಕೊಂಡವನು ನಿಜವಾಗಿ ಒಂದೇ ಪೊಸಿಷನ್ ಅನ್ನು ಎರಡೂವರೆ ಪಾಲಿಗೂ ಜಾಸ್ತಿ ಹೊತ್ತಿದ್ದೆ.

ಎರಡು ಪೊಸಿಷನ್‌ಗೆ ಸೂತ್ರ ಸುಲಭ. ಒಂದೊಂದರ ಅಪಾಯದ ವರ್ಗ ಕೂಡಿಸಿ. ಎರಡರ ಗುಣಲಬ್ಧವನ್ನು ಎರಡರಿಂದ ಗುಣಿಸಿ, ನಂಟಿನ ಸಂಖ್ಯೆಯಿಂದ ಗುಣಿಸಿ, ಅದನ್ನೂ ಸೇರಿಸಿ. ಬಂದದ್ದರ ವರ್ಗಮೂಲ ತೆಗೆಯಿರಿ. ಒಂದು ಕೊಂಡು ಇನ್ನೊಂದು ಮಾರಿದ್ದರೆ ನಂಟಿನ ಸಂಖ್ಯೆಗೆ ಮೈನಸ್ ಹಾಕಿ. ಮೂರು ಪೊಸಿಷನ್ ಆದರೆ ಪ್ರತಿ ಜೋಡಿಗೂ ಹೀಗೇ ಸೇರಿಸಿ.

ಯಾವ ನಂಟಿನ ಸಂಖ್ಯೆ ಹಾಕಬೇಕು? ಮಾಮೂಲಿ ದಿನದ್ದನ್ನು ಹಾಕಬೇಡಿ. 60 ದಿನದ ಗೆರೆಯಲ್ಲಿ ಐದು ವರ್ಷದಲ್ಲಿ ಕಂಡ ಅತಿ ಕೆಟ್ಟ ಸಂಖ್ಯೆ (ಎರಡನ್ನೂ ಕೊಂಡಿದ್ದರೆ ಅತಿ ದೊಡ್ಡದು) ಹಾಕಿ. ಭಯದ ದಿನ ಮನಸ್ಸಿನ ನಂಟುಗಳೆಲ್ಲ ಒಟ್ಟಿಗೆ ಬಿಗಿಯಾಗುತ್ತವೆ, ನಿಮಗೆ ರಕ್ಷಣೆ ಬೇಕಿರುವುದೂ ಅದೇ ದಿನ. ಬಂದ ಒಟ್ಟು ಅಪಾಯ ನಿಮ್ಮ ಮಿತಿ ದಾಟಿದರೆ ಲಾಟ್ (ಒಂದು ಒಪ್ಪಂದದ ನಿಗದಿತ ಪ್ರಮಾಣ) ಕಡಿಮೆ ಮಾಡಿ. ಲಾಟ್ ಒಂದೇ ಇದ್ದರೆ ಒಂದು ಪೊಸಿಷನ್ ಬಿಡಿ. ಚಿನ್ನದ ಮಿನಿ 100 ಗ್ರಾಂ ದೊಡ್ಡದಾದರೆ 8 ಗ್ರಾಂನ ಗಿನಿ ಇದೆ, 1 ಗ್ರಾಂನ ಪೆಟಲ್ ಇದೆ. ಬೆಳ್ಳಿಯಲ್ಲಿ 1 ಕೆಜಿಯ ಮೈಕ್ರೋ ಇದೆ.

ಹಂತ 9: ಬೆಳಗಿನ ಹತ್ತು ನಿಮಿಷ

ನಾನು ಈಗ ಮಾಡುವುದು ಇಷ್ಟೇ. 8:45ಕ್ಕೆ ಕಾಫಿ ಹಿಡಿದು ಕೂರುತ್ತೇನೆ. ರಾತ್ರಿಯ ಅಮೆರಿಕ, ಬೆಳಗಿನ ಜಪಾನ್, ಡಾಲರ್-ರೂಪಾಯಿ, ಬ್ರೆಂಟ್ ತೈಲ, ಅಮೆರಿಕದ 10 ವರ್ಷದ ಬಾಂಡ್ ಬಡ್ಡಿ, ಚಿನ್ನ. ಆರು ಅಂಕಿ, ಆರು ಸಾಲು. ಯಾವುದಾದರೂ ತನ್ನ ಮಾಮೂಲಿ ದಿನದ ಏರಿಳಿತಕ್ಕಿಂತ ಎರಡು ಪಟ್ಟು ಅಲುಗಾಡಿದ್ದರೆ ಸುತ್ತು ಹಾಕುತ್ತೇನೆ. ಎರಡು ಸುತ್ತು ಬಿದ್ದರೆ ಆ ದಿನ ಹೊಸ ಪೊಸಿಷನ್ ಇಲ್ಲ, ಇರುವುದರಲ್ಲಿ ಅರ್ಧ ಇಳಿಸುತ್ತೇನೆ. ರಿಸರ್ವ್ ಬ್ಯಾಂಕ್ ನೀತಿ, ಅಮೆರಿಕದ ಫೆಡ್ ಸಭೆ, ಬಜೆಟ್, ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಕೆಂಪು ಮಾಡಿಟ್ಟಿದ್ದೇನೆ. ಆ ದಿನಗಳಲ್ಲಿ ಹಳೆಯ ನಂಟಿನ ಸಂಖ್ಯೆ ನಂಬುವುದಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ 60 ದಿನದ ಗೆರೆಗಳನ್ನು ಮತ್ತೆ ನೋಡುತ್ತೇನೆ. ಯಾವ ನಂಟು 0.25ರ ಒಳಗೆ ಬಿದ್ದಿದೆಯೋ ಅದನ್ನು ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಹೊಡೆಯುತ್ತೇನೆ. ಪೆನ್ ಬಳಸುವುದಿಲ್ಲ, ಅವು ವಾಪಸ್ ಬರುತ್ತವೆ. ಕಳೆದ ಸಲ ಚಿಕ್ಕಪ್ಪ ಮನೆಗೆ ಬಂದಿದ್ದಾಗ ಆ ಪುಸ್ತಕ ತಿರುವಿ ನೋಡಿ, "ಇಷ್ಟೆಲ್ಲ ಬರೆದು ಎಷ್ಟು ದಿನ ವ್ಯಾಪಾರ ಮಾಡಿದ್ದೀಯಾ?" ಅಂದರು. ಎಣಿಸಿದೆವು. ಆ ತಿಂಗಳು ನಾಲ್ಕು ದಿನ.